ಮುಳುಗುವ ದ್ವೀಪ, ಪಕ್ಕದ ಗುಡ್ಡ: ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಸಮುದ್ರಮಟ್ಟ ಏರುತ್ತಿರುವ ದ್ವೀಪಗಳ ಜನರಿಗಾಗಿ ಯಾವ ಕಾನೂನು ಬದಲಾಗಬೇಕು? ರಾತ್ರಿ ಹತ್ತರವರೆಗೆ ವಕೀಲೆ ಮೇಡಂ ಉತ್ತರಿಸುತ್ತಾರೆ. ಭೂಕಾನೂನು ಅವರ ಕ್ಷೇತ್ರ. ಫಾರ್ವರ್ಡ್ ಬೇಡ.

ಹಳೇ ಮೇಷ್ಟ್ರು: ನಮಸ್ಕಾರ ಮೇಡಂ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ತುವಾಲು ಪೂರ್ತಿ ಮುಳುಗಿದರೂ ದೇಶವಾಗಿ ಉಳಿಯುತ್ತದೆಯೇ?

ವಕೀಲೆ: ನಮಸ್ಕಾರ ಮೇಷ್ಟ್ರೇ. ಉಳಿಯುತ್ತದೆ ಎಂದು ಅವರು 2023ರಲ್ಲಿ ತಮ್ಮ ಸಂವಿಧಾನದಲ್ಲೇ ಬರೆದುಕೊಂಡರು. ಬೇರೆಯವರೂ ಒಪ್ಪಬೇಕಲ್ಲ? 1933ರ ಮೊಂಟೆವಿಡಿಯೊ ಒಪ್ಪಂದದ ಪ್ರಕಾರ ದೇಶಕ್ಕೆ ಜನ, ನೆಲ, ಸರ್ಕಾರ, ಹೊರದೇಶಗಳ ಜೊತೆ ವ್ಯವಹರಿಸುವ ಶಕ್ತಿ ಬೇಕು. ಆದರೆ ಒಮ್ಮೆ ಹುಟ್ಟಿದ ದೇಶ ಇವುಗಳಲ್ಲೊಂದನ್ನು ಕಳೆದುಕೊಂಡ ಮಾತ್ರಕ್ಕೆ ಅಳಿಯಬೇಕೆಂದಿಲ್ಲ ಎಂದು 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಅದು ಸಲಹಾ ಅಭಿಪ್ರಾಯ, ತೀರ್ಪಲ್ಲ.

ಕಡಲಹಕ್ಕಿ: ಇದು ನಿಜವೇ? "ವಿಶ್ವ ಕೋರ್ಟ್ ಆದೇಶ!! ದ್ವೀಪದವರಿಗೆ ಯಾವ ದೇಶದಲ್ಲಾದರೂ ನಿರಾಶ್ರಿತರ ಕಾರ್ಡ್. ಹತ್ತು ಜನರಿಗೆ ಕಳಿಸಿ."

ವಕೀಲೆ: ಸುಳ್ಳು. 1951ರ ನಿರಾಶ್ರಿತರ ಒಪ್ಪಂದ ಪಟ್ಟಿ ಮಾಡಿರುವ ಕಾರಣಗಳು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ನಿಲುವು. ಸಮುದ್ರ ಅದರಲ್ಲಿಲ್ಲ. ಸಮುದ್ರ ಏರುತ್ತಿದೆ ಎಂದು ಆಶ್ರಯ ಕೇಳಿದ, ಪೆಸಿಫಿಕ್‌ನ ಇನ್ನೊಂದು ದ್ವೀಪದೇಶ ಕಿರಿಬಾಟಿಯ ಐವಾನೆ ಟೆಯಿಟಿಯೋಟ ನ್ಯೂಜಿಲೆಂಡಿನ ಕೋರ್ಟುಗಳಲ್ಲಿ ಸೋತರು, ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯಲ್ಲೂ ಸೋತರು. ಜೀವಕ್ಕೇ ಅಪಾಯವಿರುವ ಕಡೆಗೆ ವಾಪಸ್ ಕಳಿಸುವುದು ಮುಂದೆ ತಪ್ಪಾಗಬಹುದು ಎಂದು 2020ರಲ್ಲಿ ಪ್ರಕಟವಾದ ಆ ನಿರ್ಧಾರದಲ್ಲಿ ಒಂದು ಮಾತಿದೆ, ಅಷ್ಟೇ. ಈ ಫಾರ್ವರ್ಡ್ ತೋರಿಸಿ ಯಾರಾದರೂ ದುಡ್ಡು ಕೇಳಿದರೆ ಅದರ ಹೆಸರು ವಂಚನೆ.

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಫಿಜಿಯ ಒಂದು ಕರಾವಳಿ ಹಳ್ಳಿಯ ಸ್ಥಳಾಂತರದ ಬಗ್ಗೆ ಕೆಲಸ ಮಾಡುತ್ತಿದ್ದೇನೆ. ಪಕ್ಕದ ಕುಲದವರು ಬಾಯಿಮಾತಿನಲ್ಲಿ ಗುಡ್ಡದ ಮೇಲೆ ಜಾಗ ಕೊಟ್ಟಿದ್ದಾರೆ. ಅಷ್ಟು ಸಾಲದೇ?

ವಕೀಲೆ: ನನ್ನ ನಿದ್ದೆ ಕೆಡಿಸುವುದು ಇದೇ ಪ್ರಶ್ನೆ. ಕೋರ್ಟು ಏನೆಂದಿತು ಎಂದು ಎಲ್ಲರೂ ಕೇಳುತ್ತಾರೆ, ಪಕ್ಕದ ಗುಡ್ಡ ಯಾರದು ಎಂದು ಯಾರೂ ಕೇಳುವುದಿಲ್ಲ. ಫಿಜಿಯ ಶೇ. 87ರಷ್ಟು ನೆಲ ಮೂಲನಿವಾಸಿ ಕುಲಗಳದ್ದು, ಮಾರುವಂತಿಲ್ಲ. 2014ರಲ್ಲಿ ವುನಿದೊಗೊಲೊವಾ ಹಳ್ಳಿ ಸುಮಾರು ಎರಡು ಕಿಲೋಮೀಟರ್ ಒಳಕ್ಕೆ ಸರಿಯಿತು. ಅವರ ಅದೃಷ್ಟ, ಹೊಸ ಜಾಗವೂ ಅವರ ಕುಲದ್ದೇ. ಎಲ್ಲರಿಗೂ ಹಾಗೆ ಒದಗುವುದಿಲ್ಲ. ಇನ್ನೊಂದು ಕುಲದ ಹಿರಿಯ "ಬನ್ನಿ, ಇರಿ" ಎಂದರೆ ಆ ಮಾತು ಅವನಿರುವವರೆಗೆ ಗಟ್ಟಿ. ಮೊಮ್ಮಕ್ಕಳ ಕಾಲಕ್ಕೆ ರಸ್ತೆ ಬಂದು ಜಾಗಕ್ಕೆ ಬೆಲೆ ಬಂತೆನ್ನಿ, "ನಮ್ಮಜ್ಜ ಇರಿ ಅಂದಿದ್ದ, ಕೊಟ್ಟೆ ಅಂದಿರಲಿಲ್ಲ" ಎನ್ನುತ್ತಾರೆ. ಬಂದವರು ಅಲ್ಲಿಗೆ ಒಕ್ಕಲಾದರು. ಹಾಗಂತ ಪಟ್ಟಾ ಮಾಡಿಸಿಬಿಡಿ ಎನ್ನುವುದೂ ತಪ್ಪು. ಪಟ್ಟಾದ ಹಿಂದೆಯೇ ಸಾಲ ಕೊಡುವವರು, ರೆಸಾರ್ಟಿನವರು ಬರುತ್ತಾರೆ. ಕೊಟ್ಟ ಕುಲವೂ ಕಳೆದುಕೊಳ್ಳುತ್ತದೆ.

ಫಿಜಿಯ 2021ರ ಹವಾಮಾನ ಬದಲಾವಣೆ ಕಾಯ್ದೆಯಲ್ಲಿ ಸ್ಥಳಾಂತರದ ಮಾತಿದೆ, 2023ರಲ್ಲಿ ಕಾರ್ಯವಿಧಾನವೂ ಬಂತು. ಒಳ್ಳೆಯದೇ. ನನ್ನನ್ನು ಕೇಳಿದರೆ, ಕುಲಾಚಾರದ ಕೊಡುಗೆಯನ್ನು ಖರೀದಿಯಂತೆ ತಿರುಚದೆ, ಇದ್ದ ಹಾಗೇ ದಾಖಲಿಸುವ ಕಾನೂನು ಬೇಕು. ಕೊಟ್ಟವರು ಯಾರು, ಎಲ್ಲಿಂದ ಎಲ್ಲಿಗೆ, ಗುಡ್ಡದ ನೀರು ಯಾರದು, ಬಿಟ್ಟು ಬಂದ ತೀರದಲ್ಲಿ ಮೀನು ಹಿಡಿಯಬಹುದೇ, ಅಲ್ಲಿ ಮಣ್ಣು ಮಾಡಿದ ಹಿರಿಯರ ಜಾಗ ಯಾರು ನೋಡಿಕೊಳ್ಳುತ್ತಾರೆ. ಹೆಂಗಸರ ಸಹಿ ಇಲ್ಲದೆ ಏನನ್ನೂ ಬರೆಸಬೇಡಿ. ಮಾತು ಕೊಟ್ಟ ಹಿರಿಯರು ಇನ್ನೂ ಇದ್ದಾರೆಯೇ?

ಉಪ್ಪುನೀರು: ಹವಾಮಾನ ಬದಲಾವಣೆಯಿಂದ ನೊಂದ ದೇಶಗಳಿಗೆಂದು 2022ರಲ್ಲಿ ಒಪ್ಪಿಕೊಂಡ ನಷ್ಟ ಮತ್ತು ಹಾನಿ ನಿಧಿಯಿಂದ ಹಳ್ಳಿಗೇ ನೇರವಾಗಿ ದುಡ್ಡು ಬರುತ್ತದೆಯೇ?

ಗಾಳಿಪಟ: ಇಷ್ಟೆಲ್ಲ ತಲೆನೋವು ಯಾಕೆ? ಒಪ್ಪಂದದ ಪ್ರಕಾರ ತುವಾಲುವಿನ 280 ಜನರನ್ನು ಆಸ್ಟ್ರೇಲಿಯಾ ಪ್ರತಿವರ್ಷ ಕರೆದುಕೊಳ್ಳುತ್ತದೆ. ಹೋಗಿ ಆರಾಮಾಗಿರಲಿ.

ಹಳೇ ಮೇಷ್ಟ್ರು: ಅದೇ ಒಪ್ಪಂದ ಓದಿದ್ದೀರಾ? ಬೇರೆ ದೇಶದ ಜೊತೆ ರಕ್ಷಣಾ ಒಪ್ಪಂದ ಮಾಡಲು ತುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಪುಕ್ಕಟೆ ಅಲ್ಲ ಅದು.

ಗಾಳಿಪಟ: ಮುಳುಗುವವನಿಗೆ ಷರತ್ತು ನೋಡುವ ಪುರಸೊತ್ತೇ?

ಹಳೇ ಮೇಷ್ಟ್ರು: ಆಸ್ಟ್ರೇಲಿಯಾ ತನ್ನದೇ ಟೊರೆಸ್ ಜಲಸಂಧಿಯ ದ್ವೀಪದವರ ಹಕ್ಕು ಕಾಯಲಿಲ್ಲ ಎಂದು ಮೇಡಂ ಹೇಳಿದ ಆ ಮಾನವ ಹಕ್ಕು ಸಮಿತಿಯೇ 2022ರಲ್ಲಿ ಹೇಳಿದೆ. ಅಂಥವರ ಮನೆಗೆ ಕಳಿಸುತ್ತೀರಿ.

ಗಾಳಿಪಟ: ನಿಮಗೆ ಪಾಠ ಮಾಡುವ ಚಟ ಹೋಗಿಲ್ಲ ಮೇಷ್ಟ್ರೇ.

ಅಡ್ಮಿನ್: ಇಬ್ಬರೂ ಸಾಕು.

ತೀರವಾಸಿ: ದೇಶ ಮುಳುಗಿದರೆ ದೇಶ ಉಳಿಯುತ್ತದೆಯೇ ಮೇಡಂ?

ವಕೀಲೆ: ಮೇಲಿದೆ.

ಕಡಲಹಕ್ಕಿ: ಇನ್ನೊಂದು ಬಂದಿದೆ: "ನೀರಿನ ಬಂಡೆಗೆ ಕಾಂಕ್ರೀಟ್ ಸುರಿಯಿರಿ, 200 ನಾಟಿಕಲ್ ಮೈಲು ಸಮುದ್ರ ನಿಮ್ಮದು."

ವಕೀಲೆ: ಫಾರ್ವರ್ಡ್ ಬೇಡ ಎಂದು ಮೊದಲ ಸಾಲಿನಲ್ಲೇ ಇತ್ತು. ಬಂಡೆಗೆ ಏನು ಸುರಿದರೂ ಅದು ದ್ವೀಪವಾಗದು, ಸಹಜ ಸ್ಥಿತಿಯನ್ನೇ ನೋಡಬೇಕು ಎಂದು ದಕ್ಷಿಣ ಚೀನಾ ಸಮುದ್ರದ ವ್ಯಾಜ್ಯದಲ್ಲಿ 2016ರಲ್ಲೇ ತೀರ್ಪಾಗಿದೆ. ದ್ವೀಪಗಳಿಗೆ ನೆರವಾಗುವುದು ಸಿಮೆಂಟಲ್ಲ, ನಕ್ಷೆ. ಒಮ್ಮೆ ಸಲ್ಲಿಸಿದ ಕಡಲಗಡಿಯನ್ನು ತೀರ ಸರಿದರೂ ತಿದ್ದುವುದಿಲ್ಲ ಎಂದು ಪೆಸಿಫಿಕ್ ನಾಯಕರು 2021ರಲ್ಲಿ ಘೋಷಿಸಿದರು. ತಿದ್ದಬೇಕಿಲ್ಲ ಎಂದು 2025ರ ಅಭಿಪ್ರಾಯವೂ ಹೇಳಿತು.

ತೀರವಾಸಿ: ಕಿರಿಬಾಟಿ 2014ರಲ್ಲಿ ಫಿಜಿಯಲ್ಲಿ ಜಮೀನು ಕೊಂಡಿತಲ್ಲ, ಅದು ಈಗ ಕಿರಿಬಾಟಿಯೇ?

ವಕೀಲೆ: ಅಲ್ಲ. ಜಮೀನು ಅವರದು, ಆಳ್ವಿಕೆ ಫಿಜಿಯದು.

ಗಾಳಿಪಟ: ಅಂದರೆ ಮುಳುಗಿದರೆ ದೇಶ ಇಲ್ಲ ಅಂತಾಯಿತು.

ವಕೀಲೆ: ಓದಿ ಬರೆಯಿರಿ.

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಮಾತು ಕೊಟ್ಟವರಲ್ಲಿ ಒಬ್ಬರೇ ಉಳಿದಿದ್ದಾರೆ. ಎಂಬತ್ತು ದಾಟಿದೆ.

ವಕೀಲೆ: ಪ್ರಬಂಧ ಪಕ್ಕಕ್ಕಿಡಿ. ಎರಡೂ ಕುಲದವರನ್ನು ಕೂರಿಸಿ, ಗುಡ್ಡದ ಎಲ್ಲೆಗುಂಟ ಆ ಹಿರಿಯರನ್ನು ನಡೆಸಿ, ಅವರ ಭಾಷೆಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿ. ಅಲ್ಲಿನ ಭೂವಕೀಲರನ್ನೂ ಕರೆಸಿ. ಈ ವಾರವೇ.

ಅಡ್ಮಿನ್: ಹತ್ತಾಯಿತು. ಕಾಮೆಂಟ್ ಮುಚ್ಚುತ್ತಿದ್ದೇನೆ.

ಉಪ್ಪುನೀರು: ನಿಧಿಯ ಬಗ್ಗೆ ಕೇಳಿದ್ದೆ