ವರ್ಷ 4ರಿಂದ ಭಾಗವಾದರೆ ಸಾಕಾ? ಮಾರ್ಚ್ 1ರ ಲೆಕ್ಕ

ಪ್ರಶ್ನೆ:
ಬ್ಯಾಂಕ್ ಪಿಒ ಪರೀಕ್ಷೆಗೆ ಓದ್ತಿದ್ದೀನಿ. ಡೇಟಾ ಸಫಿಶಿಯನ್ಸಿಯಲ್ಲಿ (ಕೊಟ್ಟ ಹೇಳಿಕೆಗಳು ಉತ್ತರಕ್ಕೆ ಸಾಕಾ ಅಂತ ಕೇಳೋ ಭಾಗ) ಒಂದು ಲೆಕ್ಕ: ಒಂದು ವರ್ಷದ ಮಾರ್ಚ್ 1 ಯಾವ ವಾರ? ಹೇಳಿಕೆ 1: ಜನವರಿ 1 ಸೋಮವಾರ. ಹೇಳಿಕೆ 2: ವರ್ಷ 4ರಿಂದ ಭಾಗವಾಗುತ್ತದೆ. ಎರಡೂ ಸೇರಿದರೆ ಸಾಕು ಅಂತಾನೆ ರೂಮ್‌ಮೇಟ್. ಕೀ ಉತ್ತರದಲ್ಲಿ 'ಎರಡೂ ಸಾಲದು' ಅಂತಿದೆ. ಯಾಕೆ?

ಉತ್ತರ 1:
ಕೀ ಸರಿಯಾಗಿದೆ. ಅಧಿಕ ವರ್ಷವಾದರೆ 31 + 29 = 60 ದಿನ, 7ರಿಂದ ಭಾಗಿಸಿದರೆ ಶೇಷ 4, ಅಂದರೆ ಶುಕ್ರವಾರ. 2024ರಲ್ಲಿ ಹಾಗೇ ಬಂತು. ಈಗ 1900 ತಗೊಳ್ಳಿ. ಅದೂ ಸೋಮವಾರವೇ ಶುರುವಾಗಿತ್ತು, 4ರಿಂದ ಭಾಗವೂ ಆಗುತ್ತೆ. ಆದರೆ ಶತಮಾನದ ವರ್ಷ 400ರಿಂದ ಭಾಗವಾಗಬೇಕು, ಹಾಗಾಗಿ ಅದು ಅಧಿಕ ವರ್ಷ ಅಲ್ಲ. 59 ದಿನ, ಶೇಷ 3, ಗುರುವಾರ! ಎಷ್ಟು ಚೆಂದದ ಲೆಕ್ಕ ನೋಡಿ. ನನ್ನ ಹುಡುಗರಿಗೆ ನಾನು ಯಾವಾಗಲೂ ಹೇಳೋದು, ಒಂದು ಉತ್ತರ ಸಿಕ್ಕ ಮೇಲೆ ಇನ್ನೊಂದು ಬರುತ್ತಾ ಅಂತ ಹುಡುಕಿ. ಬಂದರೆ ಮಾಹಿತಿ ಸಾಲದು.

ಉತ್ತರ 2:
ವರ್ಷ 1901ರಿಂದ 2099ರೊಳಗೆ ಅಂತ ಕೊಟ್ಟಿದ್ದರೆ ಸಾಕಾಗ್ತಿತ್ತು, ಅಲ್ವಾ ಸರ್?

ಉತ್ತರ 1:
ಹೌದು, ಆಗ ಶುಕ್ರವಾರ ಒಂದೇ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್! ವಯಸ್ಸಿನದೂ ಒಂದಿದೆ. ಅಕ್ಕ ತಮ್ಮನಿಗಿಂತ 6 ವರ್ಷ ದೊಡ್ಡವಳು. 5 ವರ್ಷದ ಹಿಂದೆಯೂ ಅಂತರ 6. ತಮ್ಮನ ವಯಸ್ಸೆಷ್ಟು?

ಉತ್ತರ 1:
ಸಾಲದು. ವಯಸ್ಸಿನ ಅಂತರ ಬದಲಾಗೋದೇ ಇಲ್ಲ, ಎರಡನೇ ಹೇಳಿಕೆ ಹೊಸದೇನೂ ಕೊಡಲಿಲ್ಲ. ಅದರ ಬದಲು '5 ವರ್ಷದ ಹಿಂದೆ ಅಕ್ಕನ ವಯಸ್ಸು ತಮ್ಮನ ಎರಡರಷ್ಟು' ಅಂದಿದ್ದರೆ ಆಗ 12 ಮತ್ತು 6, ಈಗ ತಮ್ಮನಿಗೆ 11.