ಭಾನುವಾರ ಪ್ರಶ್ನೋತ್ತರ: ಕಟ್ಟಡದ ಎನರ್ಜಿ ಕೋಡ್, ಆರ್ಕಿಟೆಕ್ಟ್ ಮೇಡಂ ಜೊತೆ

ಅಡ್ಮಿನ್: ಇವತ್ತು ಕರೆಂಟ್ ಉಳಿಸೋ ಕಟ್ಟಡ ನಿಯಮ. ಆಫೀಸು, ಆಸ್ಪತ್ರೆಗೆ ಇಸಿಬಿಸಿ (ಎನರ್ಜಿ ಕನ್ಸರ್ವೇಶನ್ ಬಿಲ್ಡಿಂಗ್ ಕೋಡ್), ಮನೆಗಳಿಗೆ ಇಕೋ ನಿವಾಸ್ ಸಂಹಿತೆ. ಕೇಳಿ.

ತುಮಕೂರು: ಮೇಡಂ ನಮ್ದು 30×40 ಸೈಟು. ಎನರ್ಜಿ ಸರ್ಟಿಫಿಕೇಟ್ ಇಲ್ದಿದ್ರೆ ಮೀಟರೇ ಕೊಡಲ್ಲ ಅಂತ ಮೆಸೇಜ್ ಬಂದಿದೆ, ನಿಜಾನಾ?

ಮೇಡಂ: ಸುಳ್ಳು. 2018ರ ಸಂಹಿತೆ ಬರೆದಿರೋದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟಿಗೆ. ನಿಮ್ದು 111.

ಕಲಬುರಗಿ: ನಮಸ್ಕಾರ್ರಿ ಮೇಡಂ. ನಮ್ಮ ಅಣ್ಣಾರು ನರ್ಸಿಂಗ್ ಹೋಮ್ ಕಟ್ಟಸ್ಲಿಕತ್ತಾರ, ಪಶ್ಚಿಮಕ್ಕ ಪೂರಾ ಗ್ಲಾಸು, ಮ್ಯಾಲಿನ ಮಹಡಿ ಬಾಣಂತೇರ ವಾರ್ಡು. ಲೋಡ್ 110 ಕಿಲೋವಾಟ್. ಒಳಗ ಕಪ್ಪು ಫಿಲ್ಮ್ ಹಚ್ಚಿದ್ರ ಸಾಕು ಅಂತಾನ ಕಂಟ್ರಾಕ್ಟರ್.

ಮೇಡಂ: ಸಾಕಾಗಲ್ಲ. ಓದಿ ನಂಗೆ ಭಯಾನೇ ಆಯ್ತು. ಮೇ ತಿಂಗಳ ಮೂರು ಗಂಟೆ ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಸುಲಭಕ್ಕೆ ಹೊರಗೆ ಹೋಗಲ್ಲ, ಎಸಿ ರಾತ್ರಿವರೆಗೂ ಒದ್ದಾಡ್ತಾನೇ ಇರುತ್ತೆ, ಕರೆಂಟ್ ಹೋದ ದಿನ ಆ ಕೂಸುಗಳ ಗತಿ ಏನು? ಕಪ್ಪು ಫಿಲ್ಮ್ ಶಾಖ ಹೀರಿ ಗಾಜನ್ನೇ ಕಾಯಿಸುತ್ತೆ, ನಡು ಬಿಸಿ ಅಂಚು ತಣ್ಣಗಾಗಿ ಸೀಳೋದೂ ಉಂಟು. 100 ಕಿಲೋವಾಟ್ ದಾಟಿದೆ, ಅಂದ್ರೆ 2017ರ ಇಸಿಬಿಸಿ ಲೆಕ್ಕಕ್ಕೆ ಬಂದ್ರಿ. ಅದ್ರ ನೇರ ದಾರೀಲಿ, ಅಂದ್ರೆ ಒಂದೊಂದು ಭಾಗಕ್ಕೂ ಮಿತಿ ಹಾಕಿರೋ ವಿಧಾನದಲ್ಲಿ, ಹೊರಗೋಡೇಲಿ ಗಾಜು ಶೇ. 40 ಮೀರೋ ಹಾಗಿಲ್ಲ, ಪಶ್ಚಿಮದ ಗಾಜಿನ ಎಸ್‌ಎಚ್‌ಜಿಸಿ 0.27 ಮೀರಬಾರ್ದು, ಅಂದ್ರೆ ಬಿದ್ದ ಬಿಸಿಲಲ್ಲಿ ಕಾಲು ಪಾಲಿನಷ್ಟೇ ಒಳಗೆ. ಗಾಜು ಕೂರಿಸೋ ಮುಂಚೆ ಪಶ್ಚಿಮಕ್ಕೆ ಗೋಡೆ ಕಟ್ಸಿ, ಬಿಟ್ಟ ಕಿಟಕಿಗೆ ಹೊರಗಡೆ ಬಿಸಿಲು ತಡೆಯೋ ತೂತಿನ ಜಾಲಿ ಪರದೆ. ಸ್ಲ್ಯಾಬ್ ಮೇಲೆ ಶಾಖ ತಡೆಯೋ ಪದರ (ಇನ್ಸುಲೇಶನ್), ಅದ್ರ ಮೇಲೆ ಬಿಳಿ ಟೈಲ್ಸ್. ಆ ಎಸ್‌ಎಚ್‌ಜಿಸಿ ಅಂಕಿ ನೋಡೋಕೆ ಗಾಜಿನ ಸ್ಟಿಕರ್ ಫೋಟೋ ಕಳ್ಸಿ, ಈಗ್ಲೇ.

ಹಾಸನ: ಮೇಡಂ 30×40ಗೆ ಇದು ಬರುತ್ತಾ?

ಮೇಡಂ: ಮೇಲೆ ನೋಡಿ.

ಶಿರಸಿ: ಫಾರ್ವರ್ಡ್ ಬಂದಿದ್ದು: ತಾರಸಿಗೆ ಸುಣ್ಣ, ಫೆವಿಕಾಲ್ ಬಳಿದ್ರೆ 10 ಡಿಗ್ರಿ ಇಳಿಯುತ್ತೆ, ಎಸಿನೇ ಬೇಡ!!

ಮೇಡಂ: ಒಳಗಡೆ 10 ಡಿಗ್ರಿ ಯಾರು ಅಳೆದ್ರು? ಬಿಳಿ ಬಳಿದ್ರೆ ತಾರಸಿ ಕಮ್ಮಿ ಕಾಯುತ್ತೆ, ನಿಜ, ಧೂಳು ಕೂರೋತನಕ. ಇನ್ನು ಥರ್ಮೋಕೋಲ್ ಸೀಲಿಂಗ್ ಹಾಕಿದ್ರೆ ಮನೆ ತಣ್ಣಗಿರುತ್ತೆ ಅನ್ನೋ ಮೆಸೇಜ್ ಒಂದು ಬಾಕಿ, ಅದನ್ನ ಕಳಿಸ್ಬೇಡಿ, ಬೆಂಕಿ ಹತ್ತುತ್ತೆ.

ಧಾರವಾಡ: 2007ರಿಂದ ಕೋಡ್ ಕೋಡ್ ಅನ್ನಾಕತ್ತಾರ, ಚೆಕ್ ಮಾಡೋರು ಯಾರ್ರಿ?

ಮೈಸೂರು: ಅದ್ಕೇ ಸಾರ್ 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ತಿದ್ದಿ ದೊಡ್ಡ ಅಪಾರ್ಟ್‌ಮೆಂಟನ್ನೂ ಸೇರಿಸಿದ್ದು.

ಧಾರವಾಡ: ಕಾಗದದಾಗ ಸೇರಸ್ಯಾರ. ನಮ್ಮಜ್ಜನ ಮಣ್ಣಿನ ಮಾಳಿಗಿಗೆ ಯಾವ ಕೋಡ್ ಇತ್ತು?

ಮೈಸೂರು: ಹಂಗಾದ್ರೆ ಆಸ್ಪತ್ರೇನೂ ಮಣ್ಣಲ್ಲೇ ಕಟ್ಸಿ.

ಧಾರವಾಡ: ನೀವು ಬಿಲ್ಡರ್ ಕಡೆಯವ್ರೇನು?

ಬಳ್ಳಾರಿ: ಇನ್ಸುಲೇಶನ್‌ಗೆ ಸಬ್ಸಿಡಿ ಇದ್ಯಾ?

ಮೇಡಂ: ಜಗಳ ಆಡೋರು ಹೊರಗೆ ಹೋಗಿ ಆಡಿ. ಅಜ್ಜನ ಗೋಡೆ ದಪ್ಪ, ಕಿಟಕಿ ಚಿಕ್ಕದು. ಕೋಡ್ ಅದನ್ನೇ ಅಂಕಿ ಹಾಕಿ ಕೇಳ್ತಿದೆ.

ಮಂಡ್ಯ: 30×40...

ಮೇಡಂ: ಓದೋಕೆ ಬರಲ್ವಾ?

ಕಲಬುರಗಿ: ಸ್ಟಿಕರ್ ಇಲ್ರಿ ಮೇಡಂ. ಬಿಲ್‌ನ್ಯಾಗ 'ನೀಲಿ ಗ್ಲಾಸು 6 ಎಂಎಂ' ಅಂತಷ್ಟೇ ಅದ.

ಮೇಡಂ: ಗಾಜಿನ ಕೆಲಸ ನಿಲ್ಸೋಕೆ ಹೇಳಿ. ನಾಳೆ ಡ್ರಾಯಿಂಗ್ ಹಿಡ್ಕೊಂಡು ನೇರ ಫೋನ್ ಮಾಡಿ, ಇಲ್ಲಿ ಬೇಡ.