ಸಹಾಯ ಬೇಕು: ಚುರ್ಲ್ಯೋನಿಸ್ ಚಿತ್ರಗಳನ್ನು ಹೇಗೆ ವಿವರಿಸಲಿ?

ಎಲ್ಲರಿಗೂ ನಮಸ್ಕಾರ. ಲಿಥುವೇನಿಯಾದ ಕಲಾವಿದ ಚುರ್ಲ್ಯೋನಿಸ್ (1875–1911) ಬಗ್ಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಮೊದಲು ಸಂಗೀತಗಾರ. ವಾರ್ಸಾ, ಲೈಪ್‌ಜಿಗ್‌ನಲ್ಲಿ ಸಂಗೀತ ಕಲಿತು, ಆಮೇಲೆ ಕುಂಚ ಹಿಡಿದವರು. ಬದುಕಿದ್ದು ಬರೀ 35 ವರ್ಷ, ನ್ಯುಮೋನಿಯಾ ಬಂದು ತೀರಿಕೊಂಡರು. ಅಷ್ಟರಲ್ಲೇ ಇಷ್ಟೊಂದು ಚಿತ್ರ ಹೇಗೆ ಬರೆದರೋ!

ನಾನು ಸಿಕ್ಕಿಹಾಕಿಕೊಂಡಿರುವುದು 1908ರ ‘ಸಮುದ್ರದ ಸೊನಾಟಾ’ ಅನ್ನೋ ಚಿತ್ರಸರಣಿಯಲ್ಲಿ (ಸೊನಾಟಾ ಅಂದರೆ ಹಲವು ಭಾಗಗಳಿರುವ ಪಾಶ್ಚಾತ್ಯ ವಾದ್ಯಕೃತಿ). ಮೂರು ಚಿತ್ರಗಳು, ಹೆಸರು ಅಲೆಗ್ರೊ (ವೇಗದ ನಡೆ), ಅಂದಾಂತೆ (ತುಸು ನಿಧಾನದ ನಡೆ), ಫಿನಾಲೆ (ಕೊನೆಯ ಭಾಗ). ಕೊನೆಯದರಲ್ಲಿ ದೈತ್ಯ ಅಲೆಯೊಂದು ಪುಟಾಣಿ ದೋಣಿಗಳ ಮೇಲೆ ಎದ್ದು ನಿಂತಿದೆ. ಈ ಹೆಸರುಗಳನ್ನು ವಿಳಂಬಿತ (ನಿಧಾನ), ದ್ರುತ (ವೇಗ) ಅಂತ ನಮ್ಮ ಲಯದ ಮಾತಲ್ಲಿ ಹೇಳಿದರೆ ತಪ್ಪಾಗುತ್ತಾ? ನನಗೆ ಸಂಗೀತ ಅಷ್ಟಕ್ಕಷ್ಟೇ. ಪಾಶ್ಚಾತ್ಯ ಸಂಗೀತ ಬಲ್ಲವರು ಸ್ವಲ್ಪ ಬಿಡಿಸಿ ಹೇಳ್ತೀರಾ? ಲಿಥುವೇನಿಯಾದ ಕೌನಾಸ್ ನಗರದಲ್ಲಿ ಚುರ್ಲ್ಯೋನಿಸ್ ಹೆಸರಿನ ಮ್ಯೂಸಿಯಂನಲ್ಲಿ ಮೂಲಚಿತ್ರ ನೋಡಿದವರಿದ್ದರೆ, ಬಣ್ಣ ಹೇಗಿದೆ ಅಂತಲೂ ತಿಳಿಸಿ.